ತೊಗರಿ ಹೊಲದ ಮೇಲೆ ಮೊದಲ ಹಾರಾಟ

ಕಲಬುರಗಿಯ ಸೇಡಂ ರಸ್ತೆ ಹಿಡಿದು ಪೂರ್ವಕ್ಕೆ ಹೊರಟರೆ ವಿಶ್ವವಿದ್ಯಾಲಯ, ಬುದ್ಧವಿಹಾರದ ಗುಮ್ಮಟ ದಾಟಿದ ಮೇಲೆ ಮನೆಗಳು ವಿರಳವಾಗಿ ಎರೆಹೊಲ ಶುರುವಾಗುತ್ತದೆ. ನವೆಂಬರ್ ತಿಂಗಳ ಬೆಳಗು. ತೊಗರಿ ಆಳೆತ್ತರ ನಿಂತು ಹಳದಿ ಹೂ ಬಿಟ್ಟಿದೆ. ನಡುನಡುವೆ ಹಿಂಗಾರಿ ಜೋಳದ ಎಳೆಹಸಿರು. ಶ್ರೀನಿವಾಸ ಸರಡಗಿ ಎಂಬ ಹಳ್ಳಿ ಇನ್ನೇನು ಬಂತು ಅನ್ನುವಷ್ಟರಲ್ಲಿ ತಲೆಯ ಮೇಲೆ ಗುರ್ರೆನ್ನುವ ಸದ್ದು. ಪ್ರಯಾಣಿಕರ ವಿಮಾನದ ಆರ್ಭಟ ಅದಕ್ಕಿಲ್ಲ. ತೆಳ್ಳಗೆ, ಒಂದೇ ಸಮನೆ ಕೇಳುವ ಸದ್ದು. ಬಿಳಿ ಬಣ್ಣದ ಪುಟ್ಟ ವಿಮಾನವೊಂದು ಹೊಲಗಳ ಮೇಲೆ ಎಡಕ್ಕೆ ವಾಲಿ, ಸುತ್ತು ಹಾಕಿ, ರನ್‌ವೇ ಕಡೆ ಇಳಿಯುತ್ತದೆ. ಗಾಲಿ ನೆಲ ಮುಟ್ಟಿದ ಕೂಡಲೇ ಮತ್ತೆ ಏರುತ್ತದೆ. ಇನ್ನೊಂದು ಸುತ್ತು, ಇನ್ನೊಂದು ಇಳಿತ. ಹೊಲದಲ್ಲಿದ್ದ ಹೆಣ್ಣುಮಕ್ಕಳು ಈಗ ತಲೆ ಎತ್ತಿ ನೋಡುವುದಿಲ್ಲ, ಅವರಿಗೆ ರೂಢಿಯಾಗಿದೆ. ಸಾಲಿಗೆ ಹೊರಟ ಹುಡುಗರು ಮಾತ್ರ ನಿಲ್ಲುತ್ತಾರೆ.

"ಅದ್ರಾಗ ಕುಂತವ್ರಿಗಿ ನಮ್ಮ ಮನಿ ಕಾಣಸ್ತದೇನೋ?"

ಕಾಣುತ್ತದೆ. ಮನೆ, ಮನೆಯ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ, ಹಿತ್ತಲಿನ ಬೇವಿನ ಮರ ಎಲ್ಲವೂ ಕಾಣುತ್ತವೆ. ಹಾಗೆ ಕೇಳುವ ಹುಡುಗ-ಹುಡುಗಿಯರಿಗೂ ಅವರ ಅಪ್ಪ-ಅವ್ವಂದಿರಿಗೂ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ವಿಮಾನ ಹಾರಿಸುವ ವಿದ್ಯೆ ಈಗ ನಮ್ಮ ಹೊಲದ ಪಕ್ಕಕ್ಕೇ ಬಂದಿದೆ. ಅದರ ಮೊದಲ ದಿನ ಹೇಗಿರುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಮಾತಿನ ವಿಷಯವಾಗಬೇಕು.

ಸರಡಗಿಯ ಬಳಿಯ ಈ ಕಲಬುರಗಿ ವಿಮಾನ ನಿಲ್ದಾಣಕ್ಕೆ 2008ರಲ್ಲಿ ಅಡಿಗಲ್ಲು ಬಿತ್ತು. ಆಮೇಲೆ ಕೆಲಸ ನಿಂತಿತು, ಕುಂಟಿತು, ಕೈ ಬದಲಾಯಿತು. ಕೊನೆಗೆ 2018ರ ಆಗಸ್ಟ್‌ನಲ್ಲಿ ಪರೀಕ್ಷೆಗೆಂದು ಮೊದಲ ಸಲ ಇಲ್ಲಿ ಇಳಿದದ್ದು ಹೈದರಾಬಾದಿನ ತರಬೇತಿ ಸಂಸ್ಥೆಯೊಂದರ ಎರಡು ಪುಟ್ಟ ಡೈಮಂಡ್ ವಿಮಾನಗಳು. ಪ್ರಯಾಣಿಕರ ವಿಮಾನ ಬಂದದ್ದು ಅದರ ಮರುವರ್ಷ, 2019ರ ನವೆಂಬರ್ 22ರಂದು. ಅಂದರೆ ಸರಡಗಿಯ ರನ್‌ವೇಗೆ ಮೊದಲು ಪರಿಚಯವಾದ ಗಾಲಿ ಕಲಿಯುವವರ ವಿಮಾನದ್ದು. ಈ ಸಂಗತಿ ನಮ್ಮ ಊರಲ್ಲೇ ಎಷ್ಟೋ ಜನರಿಗೆ ತಿಳಿದಿಲ್ಲ. 2021ರಲ್ಲಿ ವಿಮಾನ ನಿಲ್ದಾಣಗಳ ಪ್ರಾಧಿಕಾರ ಹಾರಾಟ ತರಬೇತಿ ಶಾಲೆಗಳಿಗಾಗಿ ದೇಶದ ಐದು ನಿಲ್ದಾಣಗಳನ್ನು ಆರಿಸಿತು: ಬೆಳಗಾವಿ, ಕಲಬುರಗಿ, ಜಳಗಾಂವ್, ಖಜುರಾಹೋ, ಲೀಲಾಬರಿ. ಹವಾಮಾನದ ಕಾಟ ಕಡಿಮೆ, ಆಕಾಶದಲ್ಲಿ ದಟ್ಟಣೆ ಕಡಿಮೆ ಎಂಬುದು ಆಯ್ಕೆಗೆ ಕಾರಣ. ಮಳೆ ಕಡಿಮೆ, ಬಯಲು ಹೆಚ್ಚು ಎಂದು ನಾವು ಕೊರಗುವ ಈ ಸೀಮೆಯ ಗುಣವೇ ಇಲ್ಲಿ ಕೆಲಸಕ್ಕೆ ಬಂತು. ಅದಕ್ಕೂ ಮೊದಲು ಪೈಲಟ್ ಆಗಬೇಕೆಂದ ಕಲಬುರಗಿಯ ಮಕ್ಕಳಿಗೆ ಬೆಂಗಳೂರಿನ ಜಕ್ಕೂರು, ಹೈದರಾಬಾದು, ವಿದೇಶ ಎಂದು ದೂರ ಹೋಗಬೇಕಿತ್ತು.

ಮೊದಲ ಹಾರಾಟ ನಿಮ್ಮ ಹೊಟ್ಟೆಯಿಂದ ಶುರುವಾಗುತ್ತದೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಬಳಿ ಸುಸಲಾ-ಮಿರ್ಚಿಯ ವಾಸನೆ ಎಷ್ಟು ಕರೆದರೂ ಅತ್ತ ಹೋಗಬೇಡಿ. ಹಾಗೆಂದು ಖಾಲಿ ಹೊಟ್ಟೆಯಲ್ಲಿಯೂ ಹೋಗಬಾರದು. ಸಂಕಟ ಇನ್ನೂ ಹೆಚ್ಚು. ಒಂದು ಇಡ್ಲಿ, ಇಲ್ಲವೇ ಒಂದು ಬಾಳೆಹಣ್ಣು, ಸ್ವಲ್ಪ ನೀರು ಸಾಕು. ರಾತ್ರಿ ಕೆಮ್ಮಿನ ಸಿರಪ್ಪು ಕುಡಿದಿದ್ದರೆ ಮೊದಲೇ ಹೇಳಿಬಿಡಿ. ಹಾರುವ ಮುನ್ನ ಉಸಿರಿನ ತಪಾಸಣೆ ಇರುತ್ತದೆ, ಕೆಲವು ಸಿರಪ್ಪುಗಳಲ್ಲಿ ಆಲ್ಕೊಹಾಲ್ ಇರುತ್ತದೆ. ನೆಗಡಿ ಕಟ್ಟಿದ್ದರೆ ಹಾರಾಟವನ್ನೇ ಮುಂದೂಡುವುದು ಲೇಸು, ಇಳಿಯುವಾಗ ಕಿವಿ ಸಿಡಿಯುತ್ತದೆ. ಗುರುತಿನ ಚೀಟಿ, ಒಳಗೆ ಬಿಡುವ ಪಾಸು, ಭದ್ರತೆಯವರ ತಪಾಸಣೆ ಎಲ್ಲವೂ ಸಾವಕಾಶವಾಗಿ ನಡೆಯುವ ಕೆಲಸಗಳು. ಆಮೇಲೆ ನಿಮ್ಮ ತೂಕ ಕೇಳುತ್ತಾರೆ. ಸಂಕೋಚಪಟ್ಟು ಐದು ಕಿಲೋ ಇಳಿಸಿ ಹೇಳಬೇಡಿ. ಈ ವಿಮಾನದಲ್ಲಿ ಪ್ರತಿ ಕಿಲೋಗೂ ಲೆಕ್ಕವಿದೆ. ಯಾರು ಎಲ್ಲಿ ಕೂರುತ್ತಾರೆ, ಟ್ಯಾಂಕಿನಲ್ಲಿ ಇಂಧನ ಎಷ್ಟು ಎಂಬುದರ ಮೇಲೆ ವಿಮಾನದ ಸಮತೋಲ ನಿಂತಿದೆ.

ವಿಮಾನಗಳನ್ನು ನಿಲ್ಲಿಸುವ ಏಪ್ರನ್ನಿಗೆ ಬಂದು ನಿಂತಾಗ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಒಂದೇ: "ಇಷ್ಟೇ ಸಣ್ಣದೇನ್ರೀ?" ಹೌದು, ಇಷ್ಟೇ. ತರಬೇತಿಗೆ ಹೆಚ್ಚಾಗಿ ಬಳಸುವ ಸೆಸ್ನಾ 172ನ್ನೇ ಎದುರಿಗಿಟ್ಟುಕೊಂಡು ಹೇಳುತ್ತೇನೆ. 1955ರಲ್ಲಿ ಮೊದಲು ಹಾರಿದ ಇದು ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನ. 44,000ಕ್ಕೂ ಹೆಚ್ಚು ಹೊರಬಂದಿವೆ. ಈ ತುದಿಯಿಂದ ಆ ತುದಿಗೆ ರೆಕ್ಕೆ 11 ಮೀಟರ್. ಒಟ್ಟು ನಾಲ್ಕು ಸೀಟು, ಒಂದೇ ಎಂಜಿನ್, ಮೂಗಿನ ತುದಿಯಲ್ಲಿ ಎರಡು ಅಲಗಿನ ಪ್ರೊಪೆಲ್ಲರ್. ತಗಡು ಎಷ್ಟು ತೆಳುವೆಂದರೆ ಬೆರಳಿನಿಂದ ತಟ್ಟಿದರೆ ಟಣ್ ಎನ್ನುತ್ತದೆ. ಬಾಗಿಲು ಹಾಕಿದಾಗ ಭಾರವಾದ ಸದ್ದೇನೂ ಬರುವುದಿಲ್ಲ. ಅಂಜಿಕೆ ಹುಟ್ಟುವುದು ಇಲ್ಲಿಯೇ. ಅದು ಕರಗುವುದೂ ಇಲ್ಲಿಯೇ, ಮುಂದಿನ ಕಾಲು ಗಂಟೆಯಲ್ಲಿ.

ಏಕೆಂದರೆ ಇನ್‌ಸ್ಟ್ರಕ್ಟರ್ ನಿಮ್ಮನ್ನು ಕೂಡಲೇ ಒಳಗೆ ಕೂರಿಸುವುದಿಲ್ಲ. ವಿಮಾನದ ಸುತ್ತ ಪ್ರದಕ್ಷಿಣೆ ಹಾಕಿಸುತ್ತಾರೆ. ಕೈಯಲ್ಲಿ ಪಟ್ಟಿ ಹಿಡಿದು ರೆಕ್ಕೆಯ ಅಂಚಿನ ಏಲೆರಾನ್ ಎತ್ತಿ ಇಳಿಸಿ ನೋಡುತ್ತಾರೆ. ಕೀಲು, ಬೋಲ್ಟು, ಪಿನ್ನು ಒಂದೊಂದನ್ನೂ ಬೆರಳಿಟ್ಟು ಮುಟ್ಟುತ್ತಾರೆ. ಟೈರು, ಬ್ರೇಕಿನ ಎಣ್ಣೆ, ಪ್ರೊಪೆಲ್ಲರಿನ ಅಂಚಿನಲ್ಲಿ ಕಲ್ಲು ಬಡಿದ ಕಚ್ಚು ಇದೆಯೇ ಎಂದು ಅಂಗೈಯಿಂದ ಸವರಿ ನೋಡುತ್ತಾರೆ. ವೇಗ ಅಳೆಯುವ ಕೊಳವೆಯ ಬಾಯಲ್ಲಿ ಕಣಜದ ಹುಳ ಮಣ್ಣು ಮೆತ್ತಿದೆಯೇ ಎಂದೂ ನೋಡಬೇಕು. ನಮ್ಮ ಕಡೆ ಅದು ಒಂದು ರಾತ್ರಿಯಲ್ಲಿ ಗೂಡು ಕಟ್ಟಿಬಿಡುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸುವುದು ಇಂಧನದ ಪರೀಕ್ಷೆ. ರೆಕ್ಕೆಯ ಅಡಿಯಲ್ಲಿ ಗುಬುಟಿನಷ್ಟು ಚಿಕ್ಕದೊಂದು ಕವಾಟ. ಪಾರದರ್ಶಕ ಬಟ್ಟಲಿನ ತುದಿಯಿಂದ ಅದನ್ನು ಒತ್ತಿದರೆ ಟ್ಯಾಂಕಿನ ತಳದಿಂದ ಒಂದಿಷ್ಟು ಇಂಧನ ಇಳಿಯುತ್ತದೆ. ಬಟ್ಟಲನ್ನು ಬೆಳಕಿಗೆ ಹಿಡಿದಾಗ ಅದರ ಬಣ್ಣ ತಿಳಿನೀಲಿ. ಏವಿಯೇಷನ್ ಗ್ಯಾಸೋಲಿನ್‌ಗೆ ಆ ಬಣ್ಣ ಬೇಕೆಂದೇ ಬೆರೆಸಿರುತ್ತಾರೆ, ಬೇರೆ ಇಂಧನ ತಪ್ಪಿ ತುಂಬಿದರೆ ಗೊತ್ತಾಗಲಿ ಎಂದು. ಬಟ್ಟಲಿನ ತಳದಲ್ಲಿ ಬಣ್ಣವಿಲ್ಲದ ಗುಂಡು ಹನಿ ಉರುಳಿದರೆ ಅದು ನೀರು. ರಾತ್ರಿಯ ತಂಪಿಗೆ ಟ್ಯಾಂಕಿನೊಳಗಿನ ಗಾಳಿಯ ತೇವ ಹನಿಗಟ್ಟಿ, ಇಂಧನಕ್ಕಿಂತ ಭಾರವಾದ್ದರಿಂದ ತಳಕ್ಕೆ ಇಳಿದಿರುತ್ತದೆ. ನೀರಿನ ಹನಿ ಕಂಡರೆ ಮತ್ತೆ ಇಳಿಸಬೇಕು, ತಿಳಿಯಾಗುವವರೆಗೂ ಇಳಿಸಬೇಕು. ಪೈಲಟ್ ಎಂದರೆ ಗುಂಡಿಗೆ ಗಟ್ಟಿಯಿರುವವರು ಎಂದು ನಾವೆಲ್ಲ ತಿಳಿದಿದ್ದೇವೆ. ಈ ನೀಲಿ ಬಟ್ಟಲನ್ನು ಬೆಳಕಿಗೆ ಹಿಡಿದು ಸುಮ್ಮನೆ ನಿಂತು ನೋಡುವವರನ್ನು ಕಂಡಾಗ, ಈ ಕೆಲಸಕ್ಕೆ ಬೇಕಾದದ್ದು ತಾಳ್ಮೆ ಎಂಬುದು ಮನದಟ್ಟಾಗುತ್ತದೆ. ನಮ್ಮ ಮಕ್ಕಳಲ್ಲಿ ಆ ತಾಳ್ಮೆಗೆ ಏನೂ ಕೊರತೆಯಿಲ್ಲ.

ಎಡಗಡೆಯ ಸೀಟು ನಿಮ್ಮದು. ಕಲಿಯುವವರಿಗೆ ಎಡ, ಕಲಿಸುವವರಿಗೆ ಬಲ. ಎದುರಿಗೆ ಗಡಿಯಾರದಂಥ ಮುಳ್ಳುಗಳು ಇಲ್ಲವೇ ಎರಡು ದೊಡ್ಡ ಸ್ಕ್ರೀನುಗಳು. ವೇಗ, ಎತ್ತರ, ದಿಕ್ಕು, ವಿಮಾನ ಎಷ್ಟು ವಾಲಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ, ಇವಿಷ್ಟೇ ಅದರಲ್ಲಿ ಮುಖ್ಯ. ಕೈಗೆ ಯೋಕ್ ಎಂಬ ಹಿಡಿಕೆ, ಕಾಲಿಗೆ ಎರಡು ಪೆಡಲ್. ನಡುವೆ ಕಪ್ಪು ಗುಂಡಿ ಎಂಜಿನ್ನಿನ ಬಲಕ್ಕೆ, ಕೆಂಪು ಗುಂಡಿ ಇಂಧನ-ಗಾಳಿಯ ಮಿಶ್ರಣಕ್ಕೆ. ನಿಮ್ಮ ಮುಂದಿರುವುದೆಲ್ಲ ಇನ್‌ಸ್ಟ್ರಕ್ಟರ್ ಮುಂದೆಯೂ ಇದೆ. ನೀವು ತಪ್ಪು ತಿರುಗಿಸಿದರೆ ಅವರು ತಕ್ಷಣ ಸರಿಪಡಿಸಬಲ್ಲರು. ಕಿಟಕಿಯಿಂದ "ಕ್ಲಿಯರ್ ಪ್ರಾಪ್!" ಎಂದು ಕೂಗಿ ಕೀಲಿ ತಿರುಗಿಸಿದಾಗ ಪ್ರೊಪೆಲ್ಲರ್ ಎರಡು ಸಲ ತಡವರಿಸಿ ಹಿಡಿದುಕೊಳ್ಳುತ್ತದೆ. ಇಡೀ ವಿಮಾನ ನಡುಗುತ್ತದೆ. ಹೆಡ್‌ಸೆಟ್ ಹಾಕಿದ ಮೇಲೆ ಸದ್ದು ದೂರವಾಗಿ, ಪಕ್ಕದವರ ಉಸಿರು ಕೂಡ ಕಿವಿಯಲ್ಲೇ ಕೇಳುತ್ತದೆ.

ನೆಲದ ಮೇಲೆ ವಿಮಾನ ಓಡಿಸುವಾಗ ಮೊದಲ ತಬ್ಬಿಬ್ಬು. ಕಾರು ಓಡಿಸಿ ಗೊತ್ತಿದ್ದವರು ಯೋಕನ್ನು ಸ್ಟೀರಿಂಗ್ ಎಂದು ತಿರುಗಿಸುತ್ತಾರೆ, ವಿಮಾನ ಕದಲುವುದಿಲ್ಲ. ನೆಲದ ಮೇಲೆ ತಿರುಗಿಸುವುದು ಕಾಲಿನಿಂದ. ಹಳದಿ ಗೆರೆಯ ಮೇಲೆ ನಿಮ್ಮ ವಿಮಾನ ಸೊಟ್ಟಸೊಟ್ಟ ಹೋಗುತ್ತದೆ, ಹೋಗಲಿ. ರನ್‌ವೇ ಅಂಚಿಗೆ ಬಂದು ನಿಂತು ಎಂಜಿನ್ನಿನ ವೇಗ ಏರಿಸಿ ಎರಡು ಮ್ಯಾಗ್ನೆಟೊಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ. ಕಿಡಿ ಹೊತ್ತಿಸುವ ಎರಡು ಬೇರೆಬೇರೆ ವ್ಯವಸ್ಥೆಗಳಿವು. ಒಂದು ಕೈಕೊಟ್ಟರೂ ಇನ್ನೊಂದರ ಮೇಲೆ ಎಂಜಿನ್ ನಡೆಯುತ್ತದೆ. ಟವರಿನಿಂದ ಇಂಗ್ಲಿಷಿನಲ್ಲಿ ಸರಸರನೆ ಮಾತು ಬರುತ್ತದೆ. ಅರ್ಥವಾಗಲಿಲ್ಲವೆಂದು ಕುಗ್ಗಬೇಡಿ. ಅಲ್ಲಿ ಬಳಕೆಯಾಗುವುದು ನಿಗದಿಯಾದ ಕೆಲವೇ ಮಾತುಗಳು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಕೆಲವು ವಾರಗಳಲ್ಲಿ ಅವು ಕಿವಿಗೆ ಕೂರುತ್ತವೆ.

ಸರಡಗಿಯ ರನ್‌ವೇ 3,175 ಮೀಟರ್ ಉದ್ದ, ಪೂರ್ವ-ಪಶ್ಚಿಮವಾಗಿ ಮಲಗಿದೆ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುತ್ತದೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ, ಆಗ ಊರಿನ ಕಡೆ ಮುಖ. ಚಳಿಗಾಲದಲ್ಲಿ ಮೂಡಲ ಗಾಳಿ, ಆಗ ಸೇಡಂ ಕಡೆ ಮುಖ. ಕಪ್ಪು ಗುಂಡಿಯನ್ನು ಪೂರ್ತಿ ಒಳಗೆ ಒತ್ತಿದಾಗ ಬೆನ್ನು ಸೀಟಿಗೆ ಅಂಟುತ್ತದೆ. ಪ್ರೊಪೆಲ್ಲರ್ ತಿರುಗುವ ಬಲಕ್ಕೆ ಮೂಗು ಎಡಕ್ಕೆ ಎಳೆಯುತ್ತದೆ, ಬಲಗಾಲಿನಿಂದ ತಡೆಯಬೇಕು. 55 ನಾಟ್, ಅಂದರೆ ಗಂಟೆಗೆ 100 ಕಿ.ಮೀ. ವೇಗ ಬಂದಾಗ ಯೋಕನ್ನು ಮೆಲ್ಲಗೆ ಹಿಂದಕ್ಕೆ ಎಳೆದರೆ ಸಾಕು, ಗಾಲಿಯ ಗಡಗಡ ಒಮ್ಮೆಲೇ ನಿಲ್ಲುತ್ತದೆ. ಅಷ್ಟು ಉದ್ದದ ರನ್‌ವೇಯಲ್ಲಿ ಇದಕ್ಕೆ ಬೇಕಾದದ್ದು 300ರಿಂದ 400 ಮೀಟರ್ ಓಟ, ಅಷ್ಟೇ. ಮೇ ತಿಂಗಳ ಮಧ್ಯಾಹ್ನವಾದರೆ ಲೆಕ್ಕ ಬೇರೆ. 40 ಡಿಗ್ರಿ ಬಿಸಿಲಿಗೆ ಗಾಳಿ ಹಿಗ್ಗಿ ತೆಳುವಾಗಿ, ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದ ಈ ನೆಲದಲ್ಲಿ ವಿಮಾನ 5,000 ಅಡಿ ಎತ್ತರದಲ್ಲಿದ್ದಂತೆ ವರ್ತಿಸುತ್ತದೆ. ಓಟ ಉದ್ದವಾಗುತ್ತದೆ, ಏರುವುದು ನಿಧಾನವಾಗುತ್ತದೆ. ಅದಕ್ಕೇ ಹೇಳುವುದು, ಮೊದಲ ಹಾರಾಟಕ್ಕೆ ಬೆಳಗಿನ ಹೊತ್ತೇ ಸರಿ.

ಯಾವ ದಿಕ್ಕಿಗೆ ಹೋಗಬೇಕೆಂಬುದು ಆ ದಿನದ ಅನುಮತಿಯ ಮೇಲೆ ನಿಂತಿದೆ. ನಮಗೆ ಉತ್ತರ ದಿಕ್ಕು ಸಿಕ್ಕಿತೆನ್ನೋಣ. ಎಡಕ್ಕೆ ತಿರುಗುವ ಮೊದಲು ಇನ್‌ಸ್ಟ್ರಕ್ಟರ್ ಎಡರೆಕ್ಕೆಯನ್ನು ತುಸು ಎತ್ತಿ ಆ ಕಡೆ ಬೇರೆ ವಿಮಾನವಿದೆಯೇ ಎಂದು ನೋಡುತ್ತಾರೆ. ವಾಲಿದ ಮೇಲೆ ಅದೇ ರೆಕ್ಕೆ ಕಣ್ಣಿಗೆ ಅಡ್ಡ ಬರುತ್ತದೆ. ಆಮೇಲೆ ನೆಲ ತೆರೆದುಕೊಳ್ಳುತ್ತದೆ. ರಸ್ತೆಯಿಂದ ನೋಡಿದರೆ ಒಂದೇ ಸಮನೆ ಬಯಲು ಎನಿಸುವ ಸೀಮೆ ಮೇಲಿನಿಂದ ಬೇರೆಯೇ. ಕರಿನೆಲದಲ್ಲಿ ಹಳ್ಳಗಳು ಕೊರೆದ ದಾರಿಗಳು, ಬದುವಿನ ಗೆರೆಗಳು, ಅಣ್ಣತಮ್ಮಂದಿರ ಪಾಲಿನಲ್ಲಿ ಉದ್ದುದ್ದ ಸೀಳಿದ ಹೊಲಗಳು, ಹಳದಿ ತೊಗರಿಯ ತುಂಡುಗಳು. ಹಿಂದೆ ಆಗ್ನೇಯಕ್ಕೆ, ತಿಳಿಯಾದ ದಿನವಾದರೆ, ಸೇಡಂ ಸೀಮೆಯ ಸಿಮೆಂಟು ಕಾರ್ಖಾನೆಗಳ ಹೊಗೆಕೊಳವೆಗಳು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಇರುವುದೂ ಆ ಕಡೆಗೇ, ಕಾಗಿಣಾ ನದಿಯ ದಂಡೆಯಲ್ಲಿ.

ಎತ್ತರದ ಮುಳ್ಳು 3,500 ಅಡಿಗೆ ಬಂದು ನಿಂತ ಮೇಲೆ ಕಿವಿಯಲ್ಲಿ ಮಾತು ಬರುತ್ತದೆ: "ಯು ಹ್ಯಾವ್ ಕಂಟ್ರೋಲ್ಸ್." ಈಗ ವಿಮಾನ ನಿಮ್ಮ ಕೈಯಲ್ಲಿ. ಎಲ್ಲರೂ ಮಾಡುವುದು ಒಂದೇ, ಯೋಕನ್ನು ಮುಷ್ಟಿ ಬಿಗಿದು ಹಿಡಿಯುವುದು. ಕೂಡಲೇ ವಿಮಾನ ಏರಿಳಿದು ತೂಗಾಡುತ್ತದೆ. "ಎರಡೇ ಬೆರಳು" ಎನ್ನುತ್ತಾರೆ ಪಕ್ಕದವರು. ರೊಟ್ಟಿ ತಟ್ಟುವ ಕೈಯ ಹದ ಇದಕ್ಕೆ ಬೇಕು; ಒತ್ತಿದರೆ ಕೆಡುತ್ತದೆ. ಮುಳ್ಳುಗಳನ್ನೇ ದಿಟ್ಟಿಸುತ್ತ ಕೂತರೆ ವಿಮಾನ ಇನ್ನಷ್ಟು ಓಲಾಡುತ್ತದೆ. ದಿಗಂತದ ಗೆರೆ ಎದುರಿನ ಗಾಜಿನಲ್ಲಿ ಎಲ್ಲಿ ಕೂತಿದೆಯೋ ಅಲ್ಲೇ ಇರುವಂತೆ ನೋಡಿಕೊಂಡರೆ ವೇಗವೂ ಎತ್ತರವೂ ತಾವೇ ಸರಿಹೋಗುತ್ತವೆ. ಕಾಲಿನ ಬಳಿಯ ಟ್ರಿಮ್ ಚಕ್ರವನ್ನು ಹದವಾಗಿ ತಿರುಗಿಸಿ ಕೈ ಬಿಡಿಸುತ್ತಾರೆ. ವಿಮಾನ ತನ್ನಷ್ಟಕ್ಕೆ ನೆಟ್ಟಗೆ ಹೋಗುತ್ತಿರುತ್ತದೆ. ಈ ಯಂತ್ರ ಬೀಳಲು ಹವಣಿಸುತ್ತಿಲ್ಲ, ಹಾರುವುದೇ ಅದರ ಸ್ವಭಾವ ಎಂದು ಮೈಗೆ ತಿಳಿಯುವ ಗಳಿಗೆ ಅದು.

ಬೆಣ್ಣೆತೊರಾ ನದಿ ಅಡ್ಡ ಬರುತ್ತದೆ, ಎಡಗಡೆ ಕುರಿಕೋಟಾ ಸೇತುವೆ. ನಗರದಿಂದ ಬರುವ ಹುಮನಾಬಾದ್ ಹೆದ್ದಾರಿಯೂ, 2017ರಲ್ಲಿ ಓಡಾಟಕ್ಕೆ ತೆರೆದ ಬೀದರ್-ಕಲಬುರಗಿ ರೈಲುಹಳಿಯೂ ಎಡದಿಂದ ನಮ್ಮ ದಾರಿಗೆ ಹತ್ತಿರವಾಗುತ್ತ ಬರುತ್ತವೆ. ಕಲಿಯುವ ಪೈಲಟ್‌ಗೆ ನದಿ, ಹಳಿ, ಕೆರೆಗಳಷ್ಟು ನೆಚ್ಚಿನ ಗುರುತು ಬೇರೆಯಿಲ್ಲ. ಉತ್ತರಕ್ಕೆ ಹೋದಷ್ಟೂ ನೆಲ ಏರುತ್ತದೆ. ಮುಳ್ಳು ಅದೇ ಎತ್ತರ ತೋರಿಸುತ್ತಿದ್ದರೂ ಹೊಲಗಳು ಹತ್ತಿರವಾಗುತ್ತವೆ. ಕರಿಮಣ್ಣಿನ ನಡುವೆ ಕೆಂಪು ಕಾಣತೊಡಗುತ್ತದೆ, ಗುಡ್ಡಗಳು ಏಳುತ್ತವೆ. ರಸ್ತೆಯಲ್ಲಾದರೆ ಊರು ಸುತ್ತಿ ಒಂದು ಗಂಟೆಗೂ ಮೀರುವ ದಾರಿ, ಇಲ್ಲಿ ನೇರ 30 ಕಿ.ಮೀ., ಹತ್ತೇ ನಿಮಿಷ. ಅಗೋ ಕಮಲಾಪುರ.

ತಗ್ಗಿನಲ್ಲಿ ದಟ್ಟ ಹಸಿರು ಮಡಿಗಳು ಕಂಡರೆ ಅವು ಬಾಳೆ ತೋಟಗಳು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಕಮಲಾಪುರ, ರಾಜನಾಳ, ನವನಿಹಾಳ ಸುತ್ತಿನ ಈ ಪುಟ್ಟ ವಲಯದಲ್ಲೇ ಆ ರುಚಿ. ಗೊನೆ ಕೈಗೆ ಬರಲು ಒಂದೂವರೆ ವರ್ಷದವರೆಗೂ ಕಾಯಬೇಕಾದ ಬೆಳೆ ಅದು. ನೀರು, ಗೊಬ್ಬರ, ಆರೈಕೆ ಎಲ್ಲವೂ ಹೆಚ್ಚು. ಹೆದ್ದಾರಿಯ ಬದಿಯಲ್ಲಿ ತಳ್ಳುಗಾಡಿಯ ಮುಂದೆ ನಿಂತು ಹಣ್ಣು ಕೊಳ್ಳುವಾಗ ಅದರ ತೋಟ ಎಷ್ಟು ಕಿರಿದಾದ ನೆಲದಲ್ಲಿದೆ ಎಂಬುದು ತಿಳಿಯುವುದಿಲ್ಲ. ಮೇಲಿನಿಂದ ನೋಡಿದಾಗ, ಸುತ್ತ ಹರಡಿದ ಒಣಭೂಮಿಯ ನಡುವೆ ಅಷ್ಟೇ ಅಷ್ಟು ಹಸಿರು ಎಂದು ಕಣ್ಣಿಗೆ ಬಿದ್ದಾಗ, ಆ ಬೆಳೆಗಾರರ ಬಗ್ಗೆ ಗೌರವ ಇಮ್ಮಡಿಯಾಗುತ್ತದೆ. ಇದರಿಂದಾಚೆ ಉತ್ತರಕ್ಕೆ ಮನಸ್ಸು ಬಂದಂತೆ ಹೋಗುವಂತಿಲ್ಲ. ಮುಂದೆ ಬೀದರಿನ ವಾಯುನೆಲೆ, ಭಾರತೀಯ ವಾಯುಪಡೆಯ ಪೈಲಟ್‌ಗಳು ಹಾಕ್ ಜೆಟ್‌ಗಳಲ್ಲಿ ಪಳಗುವ ಜಾಗ. ಆಕಾಶಕ್ಕೂ ಗಡಿಗಳಿವೆ, ಅವು ಪೈಲಟ್‌ನ ನಕ್ಷೆಯಲ್ಲಿ ಮಾತ್ರ ಕಾಣುತ್ತವೆ.

ಎಂಜಿನ್ ನಿಂತರೆ? ಈ ಪ್ರಶ್ನೆ ಕೇಳದವರಿಲ್ಲ. ಇನ್‌ಸ್ಟ್ರಕ್ಟರ್ ಕಪ್ಪು ಗುಂಡಿಯನ್ನು ಹಿಂದಕ್ಕೆಳೆದು ತೋರಿಸುತ್ತಾರೆ. ಸದ್ದು ಕುಸಿಯುತ್ತದೆ, ಮೂಗು ತುಸು ಬಾಗುತ್ತದೆ, ವಿಮಾನ ಜಾರುತ್ತ ಹೋಗುತ್ತದೆ. ನೆಲದಿಂದ 2,000 ಅಡಿ ಮೇಲಿದ್ದರೆ ಹೆಚ್ಚುಕಡಿಮೆ 5 ಕಿ.ಮೀ. ದೂರ ಜಾರಬಲ್ಲದು. ಅಷ್ಟರಲ್ಲಿ ಒಂದು ಹೊಲ ಹುಡುಕಬೇಕು. "ಯಾವ ಹೊಲ ಆರಿಸ್ತೀರಿ?" ಎಂದು ನಿಮ್ಮನ್ನೇ ಕೇಳುತ್ತಾರೆ. ಬಾಳೆ, ಕಬ್ಬು ಬೇಡ. ಆಳೆತ್ತರದ ತೊಗರಿಯೂ ಬೇಡ. ಕರೆಂಟು ತಂತಿ ಹಾದ ಹೊಲ ಬೇಡವೇ ಬೇಡ. ಬೆಳೆ ಕಟಾವಾದ, ಉದ್ದನೆಯ, ಗಾಳಿಗೆ ಎದುರಾದ ಹೊಲ ಬೇಕು. ರೈತರ ಮನೆಯ ಮಕ್ಕಳು ಈ ಪ್ರಶ್ನೆಗೆ ಬೇಗ ಉತ್ತರ ಕೊಡುತ್ತಾರೆ ಎಂದು ನನ್ನ ನಂಬಿಕೆ.

ಹೊತ್ತು ಏರಿ ಕರಿನೆಲ ಕಾದಂತೆ ಬಿಸಿಗಾಳಿ ಮೇಲೇಳುತ್ತದೆ, ವಿಮಾನ ಕುಲುಕಾಡುತ್ತದೆ. ಹೊಟ್ಟೆ ತೊಳಸಿದರೆ ತಲೆ ತಗ್ಗಿಸಬೇಡಿ, ಫೋನು ನೋಡಬೇಡಿ. ದೂರದ ದಿಗಂತಕ್ಕೆ ಕಣ್ಣು ನೆಟ್ಟು, ಗಾಳಿಯ ಕಿಂಡಿಯನ್ನು ಮುಖಕ್ಕೆ ತಿರುಗಿಸಿಕೊಳ್ಳಿ. ಬಾಯಿಬಿಟ್ಟು ಹೇಳಿ, ಹೇಳದೆ ಹಲ್ಲು ಕಚ್ಚಿ ಕೂರುವುದರಿಂದ ಯಾರಿಗೂ ಲಾಭವಿಲ್ಲ. ಚೀಲ ಅದಕ್ಕೆಂದೇ ಇಟ್ಟಿರುತ್ತಾರೆ.

ಮರಳುವಾಗ ನಿಲ್ದಾಣದ ಉತ್ತರಕ್ಕೆ, ರನ್‌ವೇಗೆ ಸಮಾನಾಂತರವಾಗಿ, ಪಶ್ಚಿಮಕ್ಕೆ ಮುಖ ಮಾಡಿ ಹಾರುತ್ತೀರಿ. ಎದುರಿಗೆ ಕಲಬುರಗಿ ನಗರ ಹರಡಿಕೊಂಡಿದೆ. ಹತ್ತಿರಕ್ಕೆ ಬುದ್ಧವಿಹಾರ, ದೂರದ ಮಬ್ಬಿನಲ್ಲಿ ಶರಣಬಸವೇಶ್ವರರ ಕೆರೆಯ ನೀರಿನ ಹೊಳಪು. ಅದೇ ಮಬ್ಬಿನಲ್ಲಿ ಎಲ್ಲೋ ಬಹಮನಿ ಕೋಟೆ, ಬಂದೇನವಾಜರ ದರ್ಗಾ. ಎಡಕ್ಕೊಮ್ಮೆ, ಮತ್ತೆ ಎಡಕ್ಕೊಮ್ಮೆ ತಿರುಗಿದರೆ ರನ್‌ವೇ ನೇರ ಎದುರಿಗೆ, ಬೆಳಗಿನ ಸೂರ್ಯ ಕಣ್ಣಿಗೆ. ಇಲ್ಲಿಂದ ಮುಂದೆ ಯೋಕ್ ಇನ್‌ಸ್ಟ್ರಕ್ಟರ್ ಕೈಗೆ. ರನ್‌ವೇ ಬದಿಯ ನಾಲ್ಕು ದೀಪಗಳಲ್ಲಿ ಎರಡು ಬಿಳಿ, ಎರಡು ಕೆಂಪು ಕಂಡರೆ ಇಳಿಯುವ ಓರೆ ಸರಿಯಾಗಿದೆ ಎಂದರ್ಥ. ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೀರಿ. ನೆಲ ಮೇಲೆದ್ದು ಬರುತ್ತಿರುವಂತೆ ಕಾಣುತ್ತದೆ, ಕಾಲು ತಾನಾಗಿ ಬಿಗಿಯುತ್ತದೆ. ಕೊನೆಯಲ್ಲಿ ಮೂಗು ಎತ್ತಿ ಹಿಡಿದು ವೇಗ ಸೋರಿಹೋಗಲು ಬಿಡುತ್ತಾರೆ. ಹಿಂದಿನ ಎರಡು ಗಾಲಿ ಮೊದಲು, ಮೂಗಿನ ಗಾಲಿ ಆಮೇಲೆ. ನಿಲ್ಲುವ ಜಾಗಕ್ಕೆ ಬಂದು ಕೆಂಪು ಗುಂಡಿ ಎಳೆದರೆ ಇಂಧನ ಕಡಿದು ಎಂಜಿನ್ ಆರುತ್ತದೆ. ಇಡೀ ಹಾರಾಟ ಅರ್ಧ ಗಂಟೆಯ ಆಜುಬಾಜು. ವಿದ್ಯಾರ್ಥಿ ಪರವಾನಗಿ ಪಡೆದು ಕೂತವರಿಗೆ ಇದು ಲಾಗ್‌ಬುಕ್ಕಿನ ಮೊದಲ ಸಾಲು. ಕಮರ್ಷಿಯಲ್ ಲೈಸೆನ್ಸ್ ಕೈಗೆ ಬರಲು ಅಂಥ ಸಾಲುಗಳು ಕೂಡಿ 200 ಗಂಟೆಯಾಗಬೇಕು.

ಆ 200 ಗಂಟೆಗೆ ಹತ್ತಾರು ಲಕ್ಷ ರೂಪಾಯಿ ಬೇಕು ಎಂಬ ಮಾತನ್ನು ಮುಚ್ಚಿಡುವಂತಿಲ್ಲ. ಹೊಲ ಅಡವಿಡುವ ಮೊದಲು ಇಷ್ಟು ಮಾಡಿ. ವಿಮಾನಯಾನ ಮಹಾನಿರ್ದೇಶನಾಲಯ ಒಪ್ಪಿದ ವೈದ್ಯರಲ್ಲಿ ಎರಡನೇ ದರ್ಜೆಯ ವೈದ್ಯಕೀಯ ತಪಾಸಣೆ ಮುಗಿಸಿ. ಕಣ್ಣಿನಲ್ಲೋ ಕಿವಿಯಲ್ಲೋ ತೊಡಕಿದ್ದರೆ ದುಡ್ಡು ಕಟ್ಟುವ ಮೊದಲೇ ತಿಳಿಯಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕೆಂಬುದು ಬಹುಕಾಲದಿಂದ ನಡೆದುಬಂದ ನಿಯಮ, ಅದು ನೆನಪಿರಲಿ. ಶಾಲೆಗೆ ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ, ಹಾರಾಟಕ್ಕೆ ಯೋಗ್ಯವಾದ ವಿಮಾನ ಎಷ್ಟಿವೆ, ತಿಂಗಳಿಗೆ ಒಬ್ಬರಿಗೆ ಎಷ್ಟು ಗಂಟೆ ಸಿಗುತ್ತಿದೆ ಎಂಬುದನ್ನು ಈಗ ಕಲಿಯುತ್ತಿರುವ ಹುಡುಗರನ್ನೇ ಕೇಳಿ. ಪೂರ್ತಿ ಶುಲ್ಕ ಒಂದೇ ಸಲ ಕಟ್ಟಬೇಡಿ. ಹೊಸಬರಿಗೆ ಪರಿಚಯದ ಹಾರಾಟಕ್ಕೆ ಅವಕಾಶವಿದೆಯೇ ಎಂದು ವಿಚಾರಿಸಿ, ಇದ್ದರೆ ಅದನ್ನು ಮೊದಲು ಮಾಡಿಸಿ. ಮಗುವಿಗೆ ಮೇಲೆ ಹೋದಾಗ ಏನನ್ನಿಸಿತು ಎಂಬುದನ್ನು ಕೇಳಿ ಆಮೇಲೆ ಮುಂದಿನ ಮಾತು. ಮಗಳು ಕೇಳಿದರೂ ಇದೇ ಉತ್ತರ ಕೊಡಿ. ಭಾರತದ ಪೈಲಟ್‌ಗಳಲ್ಲಿ ಶೇ 15ರಷ್ಟು ಮಹಿಳೆಯರು, ಜಗತ್ತಿನ ಸರಾಸರಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು. ಆ ಲೆಕ್ಕದಲ್ಲಿ ಕಲಬುರಗಿಯ, ಕಮಲಾಪುರದ ಹೆಣ್ಣುಮಕ್ಕಳೂ ಸೇರಲಿ.